ನ್ಯಾಯಪೀಠದಲ್ಲೊಬ್ಬ ನಾಟಕಕಾರ

ವಕೀಲಿ ಮಾಡುವವನು ಕಥೆ ನಾಟಕಗಳನ್ನು ಬರೆದರೆ ಜನ ಎರಡು ಬಗೆಯಲ್ಲಿ ನೋಡುತ್ತಾರೆ. ಇವನು ತನ್ನ ಕಡತವನ್ನು ಓದಿದ್ದಾನೋ ಇಲ್ಲವೋ ಎಂಬ ಚಿಂತೆ ಕಕ್ಷಿಗಾರನಿಗೆ. ಬಿಡುವಿನ ವೇಳೆಯ ಹವ್ಯಾಸ, ಹೋಗಲಿ ಬಿಡಿ ಎಂಬ ಔದಾರ್ಯ ಸಾಹಿತಿಗಳಿಗೆ. ವೃತ್ತಿಯಿಂದ ವಕೀಲನಾಗಿದ್ದೂ ಬರವಣಿಗೆಯ ಚಪಲವನ್ನು ಬಿಡಲಾರದ ನನಗೆ ಎರಡೂ ನೋಟಗಳ ಪರಿಚಯವುಂಟು. ಆದರೆ ನಾನೀಗ ಹೇಳಹೊರಟಿರುವುದು ಈ ಎರಡರ ಜೊತೆಗೆ ಮೂರನೆಯದೊಂದು ಹೊರೆಯನ್ನೂ ಹೊತ್ತವರೊಬ್ಬರ ವಿಚಾರ. ಪಾಕಾಲ ವೆಂಕಟ ರಾಜಮನ್ನಾರ್ ಅವರು 1948ರಿಂದ 1961ರವರೆಗೆ ಮದರಾಸು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು, ತೆಲುಗಿನ ನಾಟಕಕಾರರು, ಜೊತೆಗೆ ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರು.

ಅವರ ನಾಟಕದ ದಾರಿ ಬಳ್ಳಾರಿಯ ಮೂಲಕ ಹಾಯುತ್ತದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಆ ಊರು ಮದರಾಸಿನ ಆಡಳಿತದಲ್ಲಿತ್ತು. ಕನ್ನಡ ತೆಲುಗುಗಳೆರಡೂ ಅಲ್ಲಿ ಒಂದೇ ಬೀದಿಯ ಮಾತುಗಳು. ಹಿಂದಿನ ತಲೆಮಾರಿನ ಧರ್ಮವರಂ ಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ಇಬ್ಬರೂ ಅಲ್ಲಿನ ವಕೀಲರು, ಇಬ್ಬರೂ ನಾಟಕಕಾರರು. ಒಬ್ಬರದು ಸರಸವಿನೋದಿನಿ ಸಭೆ, ಇನ್ನೊಬ್ಬರದು ಸುಮನೋರಮಾ ಸಭೆ. ಕೃಷ್ಣಮಾಚಾರ್ಯರ ಸೋದರಳಿಯ ಬಳ್ಳಾರಿ ರಾಘವರು (1880–1946) ಸರ್ಕಾರಿ ವಕೀಲರಾಗಿದ್ದುಕೊಂಡೇ ಬಣ್ಣ ಹಚ್ಚಿದವರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಆಡಬೇಕೆಂದು ಹಟ ಹಿಡಿದವರು. ರಾಜಮನ್ನಾರರು 1930ರ ಸುಮಾರಿಗೆ ಬರೆದ ‘ತಪ್ಪೆವರಿದಿ’ ನಾಟಕದಲ್ಲಿ ಮುಖ್ಯ ಪಾತ್ರ ವಹಿಸಿದವರು ಈ ರಾಘವರೇ. ಬರೆದವರೂ ವಕೀಲರು, ಆಡಿದವರೂ ವಕೀಲರು!

ಆ ಹೆಸರನ್ನು ಕನ್ನಡದಲ್ಲಿ ‘ತಪ್ಪು ಯಾರದು?’ ಎನ್ನಬಹುದು. ಇದು ದಿನವೂ ಹತ್ತೂವರೆಯಿಂದ ಸಂಜೆಯವರೆಗೆ ನ್ಯಾಯಾಲಯದಲ್ಲಿ ಕೇಳಿಬರುವ ಪ್ರಶ್ನೆ. ಅಲ್ಲಿ ಮಾತ್ರ ಅದಕ್ಕೆ ಉತ್ತರ ಕೊಡದೆ ಏಳುವಂತಿಲ್ಲ. ವಾದಿಗೋ ಪ್ರತಿವಾದಿಗೋ ಡಿಕ್ರಿ ಆಗಲೇಬೇಕು. ತೀರ್ಪಿನಲ್ಲಿ ಹಿಡಿಸದೆ ಉಳಿದುಹೋಗುವುದು ಬಹಳವಿರುತ್ತದೆ. ಪಾಟೀಸವಾಲಿಗೆ ನಿಂತ ಸಾಕ್ಷಿ ಬೇಕೆಂದೇ ಸುಳ್ಳು ಹೇಳುವುದು, ನಾನು ಕಂಡಂತೆ, ಜನ ತಿಳಿದಿರುವಷ್ಟು ಸಾಮಾನ್ಯವಲ್ಲ. ಹಲವು ವೇಳೆ ಅವನು ತಾನು ನಂಬಿಕೊಂಡದ್ದನ್ನೇ ಹೇಳುತ್ತಾನೆ, ಎದುರು ಪಕ್ಷದವನೂ ಹಾಗೆಯೇ. ಕಾನೂನಿಗೆ ಇದೊಂದು ತೊಡಕು. ನಾಟಕಕ್ಕಾದರೋ ಇದೇ ಬಂಡವಾಳ. ವಕೀಲಿಯಿಂದ ಬರಹಗಾರನಿಗೆ ಸಿಗುವ ಲಾಭ ಸ್ವಾರಸ್ಯದ ಮೊಕದ್ದಮೆಗಳ ಕಥೆಗಳೆಂದು ಕೆಲವರು ಭಾವಿಸುತ್ತಾರೆ, ಅದು ಅಲ್ಪಲಾಭ. ತನಗೆ ಒಪ್ಪಿಗೆಯಿಲ್ಲದವನ ಪರವಾಗಿಯೂ ಪ್ರಾಮಾಣಿಕವಾಗಿ ಮಾತನಾಡುವ ಅಭ್ಯಾಸವೇ ದೊಡ್ಡದು.

ಇನ್ನು ಮೂರನೆಯ ಹೊರೆ. 1953ರ ಜನವರಿ 28ರಂದು ಸಂಸತ್ ಭವನದಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅಕಾಡೆಮಿಯನ್ನು ಉದ್ಘಾಟಿಸಿದರು. ಸೇವೆಯಲ್ಲಿರುವ ಮುಖ್ಯ ನ್ಯಾಯಾಧೀಶರೇ ಸರ್ಕಾರ ಕಟ್ಟಿದ ಸಂಸ್ಥೆಯೊಂದಕ್ಕೆ ಅಧ್ಯಕ್ಷರಾಗುವುದು ಇಂದಿನ ಕಣ್ಣಿಗೆ ವಿಚಿತ್ರವಾಗಿ ಕಾಣಬಹುದು. ಆ ಸಂಸ್ಥೆ 1955ರಲ್ಲಿ ಚಲನಚಿತ್ರ, 1956ರಲ್ಲಿ ನಾಟಕ, 1957ರಲ್ಲಿ ಸಂಗೀತ, 1958ರಲ್ಲಿ ನೃತ್ಯ, ಹೀಗೆ ವರ್ಷಕ್ಕೊಂದರಂತೆ ವಿಚಾರಗೋಷ್ಠಿಗಳನ್ನು ನಡೆಸಿತು. ರಾಷ್ಟ್ರೀಯ ನಾಟಕ ಶಾಲೆ ತೆರೆದದ್ದು ಆಮೇಲೆ, 1959ರಲ್ಲಿ. ಮೊದಲು ವಿಚಾರಣೆ, ಅನಂತರ ಆಜ್ಞೆ! ಈ ಕ್ರಮದಲ್ಲಿ ನನಗೆ ನ್ಯಾಯಾಧೀಶರ ಕೈ ಕಾಣುತ್ತದೆ. ಇದು ನನ್ನ ಊಹೆಯೆಂದೇ ಕೇಳುಗರು ತಿಳಿಯಬೇಕು.

ಆದರೆ ನಾಟಕಕ್ಕೆ ಮಾಲೆ ಹಾಕುತ್ತಿದ್ದ ಸರ್ಕಾರಗಳ ಇನ್ನೊಂದು ಕೈಯಲ್ಲಿ ಬೀಗವೂ ಇತ್ತು. ಬ್ರಿಟಿಷರು 1876ರಲ್ಲಿ ಮಾಡಿದ ನಾಟಕ ಪ್ರದರ್ಶನ ಕಾಯಿದೆ ಸ್ವಾತಂತ್ರ್ಯಾನಂತರವೂ ಉಳಿಯಿತು. ಸಾಲದೆಂಬಂತೆ, ಆಕ್ಷೇಪಾರ್ಹವೆಂದು ಕಂಡ ನಾಟಕವನ್ನು ನಿಷೇಧಿಸಲು ಮದರಾಸು ರಾಜ್ಯ 1954ರಲ್ಲಿ ತನ್ನದೇ ಕಾಯಿದೆಯನ್ನು ತಂದಿತು. ಆ ರಾಜ್ಯದ ಮುಖ್ಯ ನ್ಯಾಯಾಧೀಶರು ನಾಟಕಕಾರರು, ದೇಶದ ನಾಟಕ ಅಕಾಡೆಮಿಗೆ ಅಧ್ಯಕ್ಷರು! ಮೂರು ಹೊರೆಗಳು ಒಂದನ್ನೊಂದು ಒತ್ತುವುದು ಇಂಥಲ್ಲಿಯೇ. ನ್ಯಾಯಾಧೀಶನಾದವನು ನಾಳೆ ತನ್ನ ಮುಂದೆ ಬರಬಹುದಾದ ಕಾಯಿದೆಯ ಬಗೆಗೆ ಹೊರಗೆ ಬಾಯಿ ಬಿಡುವಂತಿಲ್ಲ. ನಾಟಕಕಾರನಿಗೆ ಬಾಯಿ ಬಿಡುವುದೇ ಕೆಲಸ. ರಾಜಮನ್ನಾರರು ಅಂಜುವ ನ್ಯಾಯಾಧೀಶರೇನೂ ಆಗಿರಲಿಲ್ಲ. ಸಂಘವೊಂದನ್ನು ಕಾನೂನುಬಾಹಿರವೆಂದು ಸಾರುವ ಸರ್ಕಾರದ ಅಧಿಕಾರವನ್ನು ವಿ.ಜಿ. ರಾವ್ ಮೊಕದ್ದಮೆಯಲ್ಲಿ, 1950ರಲ್ಲಿ, ಅವರಿದ್ದ ಪೂರ್ಣಪೀಠವೇ ತಳ್ಳಿಹಾಕಿತು. 1952ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಯಾರಾದರೂ ಅರ್ಜಿ ಹಿಡಿದು ಬಾಗಿಲಿಗೆ ಬಂದಲ್ಲದೆ ನ್ಯಾಯಾಲಯ ತಾನಾಗಿ ಮಾತನಾಡುವುದು ಆ ಕಾಲದ ರೂಢಿಯಲ್ಲ. ಇಂಥ ಮೌನವೂ ವೃತ್ತಿಯ ವೆಚ್ಚಕ್ಕೆ ಸೇರಿದ್ದು, ಅದನ್ನು ತೆರಬೇಕಾದವನು ಒಳಗಿನ ಬರಹಗಾರ.

ಬೀಗ ತೆಗೆದವರು ಬೇರೆಯವರು. ಲಖನೌದಲ್ಲಿ 1953ರಲ್ಲಿ ಪ್ರೇಮಚಂದರ ‘ಈದ್‌ಗಾಹ್’ ಕಥೆಯ ರಂಗರೂಪವನ್ನು ಆಡಿದ ತಂಡದ ಮೇಲೆ ಹೂಡಿದ ಮೊಕದ್ದಮೆಯಲ್ಲಿ, 1956ರಲ್ಲಿ, ಅಲಹಾಬಾದ್ ಉಚ್ಚ ನ್ಯಾಯಾಲಯ 1876ರ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆಂದಿತು. ಅದು ಕೇಂದ್ರದ ಪುಸ್ತಕದಿಂದ ಅಳಿಸಿಹೋದದ್ದು 2018ರಲ್ಲಿ. ಮದರಾಸಿನ 1954ರ ಕಾಯಿದೆಯನ್ನು ರಾಜಮನ್ನಾರರು ಕುಳಿತಿದ್ದ ಅದೇ ಉಚ್ಚ ನ್ಯಾಯಾಲಯವೇ 2013ರ ಜನವರಿಯಲ್ಲಿ ಅಸಿಂಧುಗೊಳಿಸಿತು. 1979ರಲ್ಲಿ ತೀರಿಕೊಂಡ ಅವರು ಹೋಗಿ ಆಗಲೇ ಮೂವತ್ತಮೂರು ವರ್ಷಗಳು ಸಂದಿದ್ದವು.