ನಿಮಗಿದು ಗೊತ್ತೆ? ಕಾಂಕ್ರೀಟ್ ಒಡೆದ ರೀತಿಯೂ ಸಾಕ್ಷಿ ಹೇಳುತ್ತದೆ

ತಾರಸಿಗೆ ಹಾಕುವ ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ತಿಳಿಯಲು ಅದೇ ಮಿಶ್ರಣವನ್ನು 150 ಮಿ.ಮೀ. ಘನಾಕಾರದ (ಕ್ಯೂಬ್) ಅಚ್ಚಿಗೆ ತುಂಬಿ, ನೀರಿನಲ್ಲಿ ಕ್ಯೂರಿಂಗ್ ಮಾಡಿ, 28ನೇ ದಿನ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. 20 ನ್ಯೂಟನ್/ಚ.ಮಿ.ಮೀ. ಬಲ ತೋರಲು ಈ ಕ್ಯೂಬ್ ಸುಮಾರು 46 ಟನ್ ಭಾರ ತಾಳಬೇಕು.

● ಸರಿಯಾಗಿ ಒಡೆದ ಕ್ಯೂಬಿನ ನಾಲ್ಕೂ ಬದಿಗಳು ಹೆಚ್ಚುಕಡಿಮೆ ಒಂದೇ ರೀತಿ ಬಿರಿದು ಉದುರುತ್ತವೆ. ಯಂತ್ರದ ತಟ್ಟೆಗಳಿಗೆ ತಾಗಿದ ಮೇಲಿನ, ಕೆಳಗಿನ ಮುಖಗಳಿಗೆ ಹಾನಿ ಕಡಿಮೆ. ಕೊನೆಗೆ ಉಳಿಯುವುದು ಡಮರುವಿನಂಥ ಆಕಾರ.

● ಇದಕ್ಕೆ ಕಾರಣ ಘರ್ಷಣೆ. ಒತ್ತಡ ಬಿದ್ದಾಗ ಕಾಂಕ್ರೀಟ್ ಪಕ್ಕಕ್ಕೆ ಉಬ್ಬುತ್ತದೆ. ಉಕ್ಕಿನ ತಟ್ಟೆಗಳು ಎರಡು ತುದಿಗಳನ್ನು ಹಿಡಿದಿಡುತ್ತವೆ. ನಡುಭಾಗಕ್ಕೆ ಆ ಹಿಡಿತ ಸಿಗುವುದಿಲ್ಲ.

● ಒಂದೇ ಬದಿ ಸೀಳಿದರೆ ಪರೀಕ್ಷೆಯನ್ನೇ ಅನುಮಾನಿಸಬೇಕು. ಕ್ಯೂಬ್ ನಟ್ಟನಡುವೆ ಕೂತಿಲ್ಲದಿರಬಹುದು, ಮುಖ ಸಮತಟ್ಟಾಗಿಲ್ಲದಿರಬಹುದು. ಆಗ ಬಲದ ಅಂಕಿ ಇರುವುದಕ್ಕಿಂತ ಕಡಿಮೆ ಬರಬಹುದು.

● ಅಚ್ಚು ತುಂಬಿದಾಗ ಕರಣೆಯಿಂದ ಸವರಿದ ಮೇಲ್ಮುಖ ಪೂರ್ತಿ ಸಮವಿರುವುದಿಲ್ಲ. ಹಾಗಾಗಿ ಅದು ತಟ್ಟೆಗೆ ತಾಗದಂತೆ ಕ್ಯೂಬನ್ನು ಮಗ್ಗುಲಾಗಿ ಇಡುತ್ತಾರೆ.

● ಅಮೆರಿಕದಲ್ಲಿ ಕ್ಯೂಬಿನ ಬದಲು ಸಿಲಿಂಡರ್ ಒಡೆಯುತ್ತಾರೆ. ಅಲ್ಲಿನ ಎಎಸ್‌ಟಿಎಂ ಸಿ39 ಮಾನದಂಡ ಒಡೆಯುವ ರೀತಿಗಳನ್ನು ಆರು ಬಗೆಯಾಗಿ ಚಿತ್ರಸಹಿತ ವಿಂಗಡಿಸಿದೆ.

ಮನೆ ಕಟ್ಟಿಸುವವರು ಪರೀಕ್ಷಾ ವರದಿಯಲ್ಲಿ ಬಲದ ಅಂಕಿಯ ಜೊತೆಗೆ ಕ್ಯೂಬ್ ಒಡೆದ ಬಗೆಯನ್ನೂ ತಪ್ಪದೆ ಕೇಳಿ.