ಕಣ್ಣಿನ ಕಾವಲು, ಕೈಯ ಚಲನೆ

ಮೇಜಿನ ಮೇಲಿರುವ ನೀರಿನ ಲೋಟವನ್ನು ಎತ್ತಿಕೊಳ್ಳುವುದು ನಮಗೆ ಅತಿ ಸುಲಭವಾದ ಕೆಲಸವಾಗಿ ತೋರುತ್ತದೆ. ಲೋಟ ಎಲ್ಲಿದೆಯೆಂಬುದನ್ನು ಕಣ್ಣು ನೋಡುತ್ತದೆ. ಮೆದುಳು ಆಜ್ಞೆ ಮಾಡುತ್ತದೆ. ತೋಳಿನ ಸ್ನಾಯುಗಳು ಅದನ್ನು ಪಾಲಿಸುತ್ತವೆ. ಕಣ್ಣಿನ ಕೆಲಸ ಅಲ್ಲಿಗೆ ಮುಗಿಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿರುತ್ತೇವೆ. ವಾಸ್ತವವಾಗಿ ಹಾಗಲ್ಲ. ಕೈ ಚಲಿಸುತ್ತಿರುವಾಗಲೂ ಗುರಿ ಇನ್ನೆಷ್ಟು ದೂರವಿದೆ, ಕೈ ಯಾವ ಕಡೆಗೆ ಓರೆಯಾಗಿದೆ ಎಂಬ ವರದಿಯನ್ನು ಕಣ್ಣು ಮೆದುಳಿಗೆ ಕಳುಹಿಸುತ್ತಲೇ ಇರುತ್ತದೆ. ಅದಕ್ಕೆ ತಕ್ಕಂತೆ ಮೆದುಳು ತನ್ನ ಆಜ್ಞೆಯನ್ನು ತಿದ್ದುತ್ತದೆ. ಹೀಗೆ ಕಾರ್ಯದ ಫಲವೇ ಮರಳಿ ಬಂದು ಕಾರ್ಯವನ್ನು ತಿದ್ದುವುದಕ್ಕೆ ‘ಹಿಮ್ಮಾಹಿತಿ’ ಎಂದು ಹೆಸರು.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಹಾಳೆಯ ಮೇಲೆ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆಗಳನ್ನೆಳೆಯೋಣ. ಒಂದು ಗೆರೆಯಿಂದ ಇನ್ನೊಂದಕ್ಕೆ ಪೆನ್ಸಿಲನ್ನು ಸೆಕೆಂಡಿಗೆ ಒಂದು ಸಲದಂತೆ ಇಪ್ಪತ್ತು ಸಲ ಒಯ್ಯೋಣ. ಮೊದಲು ಕಣ್ಣು ತೆರೆದು, ಬಳಿಕ ಕಣ್ಣು ಮುಚ್ಚಿ. ಗೆರೆ ತಪ್ಪಿದ ದೂರವನ್ನು ಪ್ರತಿ ಸಲವೂ ಅಳೆದು ಸರಾಸರಿ ತೆಗೆದರೆ, ಕಣ್ಣು ತೆರೆದಿದ್ದಾಗ ತಪ್ಪು ಕಡಿಮೆಯೆಂಬುದು ಸ್ಪಷ್ಟವಾಗುತ್ತದೆ. ಇದು ಎಲ್ಲರೂ ನಿರೀಕ್ಷಿಸುವುದೇ. ಇನ್ನು ಸೆಕೆಂಡಿಗೆ ಮೂರು ಸಲದಂತೆ ಅದನ್ನೇ ಮಾಡಿ ನೋಡೋಣ. ಈಗ ಕಣ್ಣು ತೆರೆದಿದ್ದರೂ ಮುಚ್ಚಿದ್ದರೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ!

ಈ ಸಂಗತಿಯನ್ನು ಕ್ರಮಬದ್ಧವಾಗಿ ಅಳೆದು ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ವುಡ್‌ವರ್ತ್, 1899ರಲ್ಲಿ. ಕಣ್ಣು ಮುಚ್ಚಿದಾಗ ವೇಗ ಬದಲಾದರೂ ತಪ್ಪು ಬಹುಮಟ್ಟಿಗೆ ಅಷ್ಟೇ ಇರುವುದನ್ನೂ, ಕಣ್ಣು ತೆರೆದಾಗ ದೊರೆಯುವ ಲಾಭವು ವೇಗ ಹೆಚ್ಚಿದಂತೆ ಕುಗ್ಗುತ್ತ ಹೋಗುವುದನ್ನೂ ಅವರು ಕಂಡರು. ಕಾರಣ ಸರಳ. ಅಕ್ಷಿಪಟದ ಸುದ್ದಿ ಮೆದುಳನ್ನು ಸೇರಿ, ಅಲ್ಲಿ ಅರ್ಥವಾಗಿ, ತಿದ್ದಿದ ಆಜ್ಞೆ ಬೆನ್ನುಹುರಿಯ ಮೂಲಕ ಸ್ನಾಯುವಿಗೆ ಮುಟ್ಟಲು ಕಾಲ ಬೇಕು. 1968ರಲ್ಲಿ ಕೀಲ್ ಮತ್ತು ಪೋಸ್ನರ್ ಎಂಬ ಸಂಶೋಧಕರು, ಕೈ ಚಲಿಸತೊಡಗಿದೊಡನೆ ದೀಪವನ್ನು ಆರಿಸಿ ಈ ಕಾಲವನ್ನು ಅಂದಾಜು ಮಾಡಿದರು: ಸುಮಾರು 0.19ರಿಂದ 0.26 ಸೆಕೆಂಡ್. ಅನುಕೂಲ ಪರಿಸ್ಥಿತಿಯಲ್ಲಿ ಇದು 0.1 ಸೆಕೆಂಡಿನಷ್ಟಕ್ಕೂ ಇಳಿಯಬಹುದೆಂದು ಮುಂದಿನ ಪ್ರಯೋಗಗಳಿಂದ ತಿಳಿದಿದೆ. ಅದಕ್ಕಿಂತ ಬೇಗ ಮುಗಿಯುವ ಚಲನೆಯನ್ನು ಕಣ್ಣು ನೋಡಬಲ್ಲುದೇ ಹೊರತು ತಿದ್ದಲಾರದು.

ಹಾಗಾದರೆ ಕಣ್ಣು ಮುಚ್ಚಿದಾಗಲೂ ಕೈ ಗೆರೆಯ ಸಮೀಪಕ್ಕೆ ಹೋಗುವುದು ಹೇಗೆ? ಸ್ನಾಯು, ಸ್ನಾಯುರಜ್ಜು, ಕೀಲುಗಳಲ್ಲಿ ಸೂಕ್ಷ್ಮವಾದ ಗ್ರಾಹಕಗಳಿವೆ. ಅಂಗವು ಎಲ್ಲಿದೆ, ಎಷ್ಟು ಬಾಗಿದೆ ಎಂಬುದನ್ನು ಇವು ಸದಾ ಮೆದುಳಿಗೆ ತಿಳಿಸುತ್ತವೆ. ಈ ಗುಪ್ತ ಇಂದ್ರಿಯದ ಬೆಲೆ ಅದನ್ನು ಕಳೆದುಕೊಂಡವರಿಗೇ ಗೊತ್ತು. ಇಂಗ್ಲೆಂಡಿನ ಇಯಾನ್ ವಾಟರ್‌ಮನ್ 1971ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಕಾಯಿಲೆಯೊಂದರ ಬಳಿಕ ಕತ್ತಿನಿಂದ ಕೆಳಗೆ ಸ್ಪರ್ಶವನ್ನೂ ಅಂಗಸ್ಥಿತಿಯ ಅರಿವನ್ನೂ ಕಳೆದುಕೊಂಡರು. ಸ್ನಾಯುಗಳಲ್ಲಿ ಬಲವಿತ್ತು, ಆದರೆ ಎದ್ದು ಕೂರಲೂ ಆಗಲಿಲ್ಲ. ಅವರು ಸೋಲೊಪ್ಪಲಿಲ್ಲ. ಪ್ರತಿಯೊಂದು ಅಂಗವನ್ನೂ ಕಣ್ಣಿಟ್ಟು ನೋಡುತ್ತ, ಪ್ರತಿಯೊಂದು ಚಲನೆಯನ್ನೂ ಯೋಚಿಸಿ ನಡೆಸುತ್ತ, ತಿಂಗಳುಗಟ್ಟಲೆ ಶ್ರಮಿಸಿ ಕೂರುವುದನ್ನೂ ನಿಲ್ಲುವುದನ್ನೂ ನಡೆಯುವುದನ್ನೂ ಮತ್ತೆ ಕಲಿತರು. ಆದರೆ ದೀಪ ಆರಿದರೆ ನಿಂತಲ್ಲಿಯೇ ಕುಸಿದುಬೀಳುತ್ತಿದ್ದರು. ಅವರ ಪಾಲಿಗೆ ಕಣ್ಣೇ ಊರುಗೋಲಾಗಿತ್ತು.

ಉಳಿದ ನಮ್ಮೆಲ್ಲರಲ್ಲಿ ಈ ಎರಡು ವರದಿಗಾರರೂ ಜೊತೆಗೂಡಿ ದುಡಿಯುತ್ತಾರೆ. ಅಕ್ಷರ ಕಲಿಯುವ ಮಗು ಪ್ರತಿಯೊಂದು ತಿರುವನ್ನೂ ನೋಡುತ್ತ ನಿಧಾನವಾಗಿ ಬರೆಯುತ್ತದೆ. ಕೈ ಪಳಗಿದಂತೆ ಬರವಣಿಗೆ ವೇಗ ಪಡೆಯುತ್ತದೆ. ಹೊಸ ವಾದ್ಯವನ್ನಾಗಲಿ ಹೊಸ ಆಟವನ್ನಾಗಲಿ ಕಲಿಯುವ ವಿದ್ಯಾರ್ಥಿಗಳು ಮೊದಮೊದಲು ಆತುರಪಡದಿರುವುದು ಲೇಸು. ನಿಧಾನವಾದ ಚಲನೆಯಲ್ಲಿ ಮಾತ್ರ ತಪ್ಪನ್ನು ದಾರಿಯಲ್ಲೇ ತಿದ್ದಲು ಕಣ್ಣಿಗೆ ಅವಕಾಶ ದೊರೆಯುತ್ತದೆ.