ಮಗಳಿಗೆ ಬಯಲು, ಮಗನಿಗೆ ಕಟ್ಟಳೆ

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದರು. ಬಡತನ, ಹೆರಿಗೆಯ ತೊಡಕು, ಮನೆಯೊಳಗಿನ ಕುಡಿತ, ಜಗಳ ಮುಂತಾದ ಕಷ್ಟಗಳಲ್ಲಿ ನಾಲ್ಕೋ ಐದೋ ಒಟ್ಟಿಗೇ ಮುತ್ತಿದ ಮಕ್ಕಳು ಅವರಲ್ಲಿ ಸುಮಾರು ಮೂರನೇ ಒಂದು ಪಾಲು. ಹದಿನೆಂಟು ತುಂಬುವಷ್ಟರಲ್ಲಿ ಇಂಥವರಲ್ಲಿ ಬಹುಪಾಲು ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿದ್ದರು, ಪೊಲೀಸರ ಕೈಗೆ ಸಿಕ್ಕಿದ್ದರು ಅಥವಾ ಮನಸ್ಸಿನ ನೆಮ್ಮದಿ ಕಳೆದುಕೊಂಡಿದ್ದರು. ಆದರೂ 72 ಮಂದಿ ನೆಟ್ಟಗೆ ಬೆಳೆದರು. ಅವರಲ್ಲಿ ಹುಡುಗಿಯರು 42, ಹುಡುಗರು 30.

ಏನೇ ಆದರೂ ಕೈಬಿಡದ ಒಬ್ಬ ಹಿರಿಯರು ಇವರಿಗೆಲ್ಲ ಇದ್ದರು. ಅಜ್ಜಿ, ದೊಡ್ಡಕ್ಕ, ಕೆಲವೊಮ್ಮೆ ಮೇಷ್ಟ್ರು. ಉಳಿದದ್ದರಲ್ಲಿ ಹೆಣ್ಣು ಗಂಡಿನ ದಾರಿ ಬೇರೆ. ಗಟ್ಟಿಯಾಗಿ ನಿಂತ ಹುಡುಗಿಯರ ಮನೆಯವರು ಅವರನ್ನು ಸ್ವಂತ ಧೈರ್ಯದ ಮೇಲೆ ಓಡಾಡಲು ಬಿಟ್ಟಿದ್ದರು. ಬೆನ್ನಿಗೆ ತಾಯಿಯೋ ಅಜ್ಜಿಯೋ ಇದ್ದರು. ಹುಡುಗರ ಮನೆಗಳಲ್ಲಿ ಶಿಸ್ತಿತ್ತು, ಮಾಡಲೇಬೇಕಾದ ಮನೆಗೆಲಸವಿತ್ತು, ನೋಡಿ ಕಲಿಯಲು ಅಪ್ಪನೋ ತಾತನೋ ಅಣ್ಣನೋ ಇದ್ದರು. ಜೊತೆಗೆ, ಮನಸ್ಸಿನಲ್ಲಿದ್ದದ್ದನ್ನು ತೋಡಿಕೊಳ್ಳಲು ಅಲ್ಲಿ ಅಡ್ಡಿಯಿರಲಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗು. ಕತ್ತಲಾಗುವ ಮೊದಲು ಮನೆ ಸೇರಬೇಕಾದವಳು ಮಗಳು. ಎಲ್ಲಿದ್ದೆ ಎಂದು ಮಗನನ್ನು ಕೇಳುವವರಿಲ್ಲ. ಅವನು ಅತ್ತರೆ ಮಾತ್ರ ‘ಗಂಡಸಾಗಿ ಅಳ್ತೀಯೇನೋ’ ಎಂಬ ಗದರಿಕೆ. ಈ ಒಂದು ಮಾತು ಎಷ್ಟು ಹುಡುಗರ ಬಾಯಿ ಹೊಲಿದಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಹಾಗೆಂದು ಹುಡುಗಿಯರ ಬಗ್ಗೆ ನಿಶ್ಚಿಂತೆಯಿಂದ ಇರುವಂತಿಲ್ಲ. ನ್ಯೂಜಿಲೆಂಡಿನ ಡನೀಡನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನದ ಆಧಾರದಲ್ಲಿ ಟೆರಿ ಮಾಫಿಟ್ ಮತ್ತು ಸಂಗಡಿಗರು 2001ರಲ್ಲಿ ಪುಸ್ತಕ ತಂದರು. ಎಳವೆಯಲ್ಲೇ ಶುರುವಾಗಿ ದೊಡ್ಡವರಾದರೂ ಬಿಡದ ಪುಂಡತನ ಒಬ್ಬ ಹುಡುಗಿಯಲ್ಲಿ ಕಂಡರೆ ಹತ್ತು ಹುಡುಗರಲ್ಲಿ ಕಂಡಿತು. ಆದರೆ ಹರೆಯದಲ್ಲಷ್ಟೇ ಬಂದುಹೋಗುವ ತಪ್ಪುಗಳಲ್ಲಿ ಆ ಅಂತರ ಒಂದಕ್ಕೆ ಒಂದೂವರೆಗೆ ಇಳಿಯಿತು. ಕುಡಿತ, ಮಾದಕ ವಸ್ತುಗಳ ವಿಷಯದಲ್ಲಂತೂ ಇಬ್ಬರೂ ಬಹಳ ಹತ್ತಿರ. ‘ನಮ್ಮ ಹುಡುಗಿ ಅಂಥವಳಲ್ಲ’ ಎಂದು ಕಣ್ಣು ಮುಚ್ಚಿಕೊಂಡ ಮನೆಯಲ್ಲಿ ಅವಳು ನೆರವಿಗೆ ಯಾರ ಬಳಿ ಹೋಗಬೇಕು?

ಕವಾಯ್‌ನಲ್ಲಿ ಎಡವಿದವರ ಕತೆ ಅಲ್ಲಿಗೇ ಮುಗಿಯಲಿಲ್ಲ. ಹರೆಯದಲ್ಲಿ ಪೊಲೀಸ್ ದಾಖಲೆ ಸೇರಿದ ಹೆಚ್ಚಿನವರು ಮೂವತ್ತು, ನಲವತ್ತರ ವಯಸ್ಸಿಗೆ ಸರಿದಾರಿಗೆ ಬಂದಿದ್ದರು. ಒಬ್ಬರಿಗೆ ಊರಿನ ಕಾಲೇಜು, ಇನ್ನೊಬ್ಬರಿಗೆ ಸೈನ್ಯ, ಮತ್ತೊಬ್ಬರಿಗೆ ಒಳ್ಳೆಯ ಸಂಗಾತಿ ಅಥವಾ ದೇವರ ನಂಬಿಕೆ ಆ ಎರಡನೇ ಅವಕಾಶ ಕೊಟ್ಟಿತ್ತು. ಹಾಗೆ ಚೇತರಿಸಿಕೊಂಡವರಲ್ಲೂ ಹೆಂಗಸರೇ ಹೆಚ್ಚು.